ಲಾಲಬಿ ಸಂತೆಯಲ್ಲಿ ಸಾಬೂನು ಕುದಿಸಿದ್ದು

ನಮ್ಮ ಜನರ ಮಡಿಗೆ ಕಣ್ಣು ಒಂದೇ ಕಡೆ. ಬಣ್ಣದ ಕಾಗದ ಸುತ್ತಿಕೊಂಡು ಬಂದ ವಿಲಾಯತಿ ಸಾಬೂನಿನಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ. ಹಾನಗಲ್ಲಿನ ಲಾಲಬಿ ತನ್ನ ಸಾಬೂನಿನ ಬುಟ್ಟಿ ಇಳಿಸಿದಾಗ ಮಾತ್ರ ಎಲ್ಲರೂ ಮೂಗು ಮುರಿದರು.

೧೯೪೩ನೇ ಇಸವಿ. ಯುದ್ಧದಿಂದಾಗಿ ಸಾಬೂನಿಗೆ ಬೇಕಾದ ಕಾಸ್ಟಿಕ್ ಸೋಡಾ ಕಣ್ಣಿಗೂ ಬೀಳುತ್ತಿರಲಿಲ್ಲ. ನೂಲಿಗೆ ಬಣ್ಣ ಹಾಕುವ ಮನೆತನದ ಲಾಲಬಿಗೆ ಬೂದಿನೀರಿನ ಗುಣ ಗೊತ್ತಿತ್ತು. ಅದರಿಂದಲೇ ಸಾಬೂನು ಮಾಡಿ ಅಕ್ಕಿಆಲೂರು ಸಂತೆಯಲ್ಲಿ ಮಾರಿ ಮನೆ ನಡೆಸುತ್ತಿದ್ದಳು. ವಿಲಾಯತಿ ಸಾಬೂನು ಮಾರುವ ಕಿರಾಣಿ ಅಂಗಡಿಯ ಕರಬಸಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. "ಅದರಾಗ ದನದ ಕೊಬ್ಬು ಐತಿ" ಎಂದು ಹಬ್ಬಿಸಿದ. ಅಂದಿನಿಂದ ಲಿಂಗವಂತರ ಒಂದು ಕೈಯೂ ಬುಟ್ಟಿಯತ್ತ ಚಾಚಲಿಲ್ಲ.

ಮುಂದಿನ ಸಂತೆಗೆ ಲಾಲಬಿ ಬರಿಗೈಯಲ್ಲಿ ಬಂದಳು. ಸಂತೆಗೆ ಹತ್ತಿದ ಲಿಂಗವಂತರ ಓಣಿಯ ಹಿರಿಯಳಾದ ಶಿವಬಸವ್ವನ ಕಟ್ಟೆಯ ಮುಂದೆ ನಿಂತಳು.

"ಅವ್ವಾರ, ಕಡಾಯಿ ನಿಮ್ಮದು, ಎಣ್ಣಿ ನಿಮ್ಮ ಗಾಣದ್ದು, ಬೂದಿ ನಿಮ್ಮ ಒಲಿದು. ಕೈ ಅಷ್ಟ ನಂದು. ಎಲ್ಲಾರ ಮುಂದ ಕುದಿಸ್ಲೇನ್ರಿ?"

"ಕೆಟ್ಟರ?"

"ಮತ್ತ ಈ ಸಂತ್ಯಾಗ ಕಾಲಿಡೂದಿಲ್ರಿ."

ಶಿವಬಸವ್ವ ಒಪ್ಪಿ ಕಟ್ಟೆಯ ಮುಂದೆಯೇ ಒಲೆ ಹೂಡಿಸಿದಳು. ಲಾಲಬಿ ಹತ್ತಿಕಟ್ಟಿಗೆಯ ಬೂದಿಗೆ ಬಿಸಿನೀರು ಸುರಿದು ಸೋಸಿ, ಸುಣ್ಣ ಕಲಸಿದಳು.

"ಸುಣ್ಣ ಯಾಕಬೇ?" ಶಿವಬಸವ್ವ ಬಗ್ಗಿ ನೋಡಿದಳು.

"ಬರೇ ಬೂದಿನೀರಿಗೆ ಎಣ್ಣಿ ಬಗ್ಗಂಗಿಲ್ರಿ. ಸುಣ್ಣ ಅದಕ್ಕ ಹಲ್ಲು ಕೊಡತೈತಿ."

ಆ ತಿಳಿನೀರಿಗೆ ಹೊಂಗೆಯೆಣ್ಣೆ ಬಿತ್ತು. ನೊರೆ ಬರಲೆಂದು ಒಂದಿಷ್ಟು ಕೊಬ್ಬರಿ ಎಣ್ಣೆಯೂ ಬಿತ್ತು. ಮಧ್ಯಾಹ್ನದವರೆಗೆ ಕುದಿಸಿದರೂ ಕಡಾಯಿಯಲ್ಲಿದ್ದುದು ಕಂದು ಗಂಜಿ.

"ಹುಗ್ಗಿ ಚಲೋ ಆಗೇತಿ, ಎಲಿ ಹಾಕ್ರಿ!" ಕರಬಸಪ್ಪ ಕೂಗಿದ. ಸಂತೆಯೆಲ್ಲ ನಕ್ಕಿತು. ಲಾಲಬಿ ಶಿವಬಸವ್ವನ ಅಡುಗೆಮನೆಯ ಉಪ್ಪನ್ನು ಬೊಗಸೆ ಬೊಗಸೆ ಹಾಕಿ ತಿರುವಿದಳು. ಗಂಜಿ ಒಡೆಯಿತು. ಕೊಳೆನೀರು ಕೆಳಗಿಳಿದು, ಸಾಬೂನು ಮಜ್ಜಿಗೆಯ ಮೇಲಿನ ಬೆಣ್ಣೆಯಂತೆ ತೇಲಿ ಬಂತು. ಬಟ್ಟೆಯ ಮೇಲೆ ಬಸಿದಿಟ್ಟಾಗ ಗಟ್ಟಿಯಾಗತೊಡಗಿತು.

ನಕ್ಕವರೇ ಬಗ್ಗಿ ನೋಡತೊಡಗಿದರು. ಶಿವಬಸವ್ವ ಒಂದು ಉಂಡೆ ಮುರಿದುಕೊಂಡು, ಲಿಂಗ ಸುತ್ತುವ ಪಾವಡವನ್ನೇ ತಂದು ಎಲ್ಲರೆದುರು ಒಗೆದಳು. ನೊರೆ ಮೊಣಕೈಗೇರಿತು. ಒದ್ದೆ ಬಟ್ಟೆಯನ್ನು ಎತ್ತಿ ಹಿಡಿದು ಕೇಳಿದಳು:

"ಕರಬಸಪ್ಪಾ, ಇದು ನನ್ನ ಒಲಿ ಮ್ಯಾಲ ಕುದ್ದೈತಿ. ನೀ ಮಾರೂದು ಯಾರ ಒಲಿ ಮ್ಯಾಲ ಕುದ್ದಿತ್ತೋ, ನೋಡಿ ಬಂದೀಯೇನು?"

ಕರಬಸಪ್ಪ ತಕ್ಕಡಿ ಒರೆಸತೊಡಗಿದ.

ಸುಳ್ಳು ಹೇಳಿದವನು ಕ್ಷಮೆ ಕೇಳಲಿಲ್ಲ, ನಂಬಿದವರೂ ಕೇಳಲಿಲ್ಲ. ಲಾಲಬಿ ಕಾಯಲೂ ಇಲ್ಲ. ಮರುಸಂತೆಗೆ ಎರಡು ಬುಟ್ಟಿ ತಂದಳು. ಕರಬಸಪ್ಪನ ಹೆಂಡತಿ ಸುಶೀಲವ್ವ ಗಂಡನ ಅಂಗಡಿಯ ಎದುರೇ ಸಾಲಿನಲ್ಲಿ ನಿಂತು, "ನನಗ ನಾಲ್ಕು ಇಡವಾ, ತೀರಿಗೀರ್ಯಾವು!" ಎಂದು ಕೂಗುತ್ತಿದ್ದಳು.