ಬಾಲ್ಕನಿಯಿಂದ ಕೂಗಿದ ಪಾಸ್‌ವರ್ಡ್

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಗುಟ್ಟಿನ ಮಾತನ್ನೂ ನಾವು ಗಟ್ಟಿಯಾಗಿಯೇ ಆಡುತ್ತಿದ್ದೆವು. ಸುತ್ತಲೂ ತೆಲುಗರು, ಕನ್ನಡ ಯಾರಿಗೆ ತಿಳಿಯಬೇಕು? ಧಾರವಾಡದಿಂದ ಬಂದಿದ್ದ ನನ್ನ ತಮ್ಮ ಕೆಳಗೆ ನಿಂತು ವೈಫೈ ಪಾಸ್‌ವರ್ಡ್ ಕೇಳಿದಾಗ, "ನಮ್ಮೂರ ಹೆಸರು ಹಾಕಿ ಒಂದು ಎರಡು ಮೂರು ಒತ್ತೋ!" ಎಂದು ಬಾಲ್ಕನಿಯಿಂದ ಕೂಗಿದ್ದೆ.

ಮೇಲಿನ ಮನೆಯ ಅಕ್ಕನಿಗೆ ಮಾತ್ರ ಕನ್ನಡ ಬರುತ್ತಿತ್ತು. ಗದಗಿನವಳು, ತೆಲುಗರ ಮನೆಗೆ ಸೊಸೆಯಾಗಿ ಬಂದವಳು. ಅವಳು ಕೇಳಿಸಿಕೊಂಡರೇನು, ನಮ್ಮವಳೇ. ಪರವಾಡದ ಔಷಧಿ ಕಾರ್ಖಾನೆಗೆ ಹೋಗುತ್ತಿದ್ದ ಅವಳ ಮಗ ನಾನು ಮಾತಾಡಿಸಿದರೆ ಸುಮ್ಮನೆ ನಕ್ಕು ಹೋಗುತ್ತಿದ್ದ. "ಅವಂಗ ಕನ್ನಡ ತಿಳಿಯಂಗಿಲ್ಲ ತಂಗಿ" ಎಂದು ಅಕ್ಕ ಕೊರಗುತ್ತಿದ್ದಳು.

ಒಂದು ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದರು. ಯಾವುದೋ ಹುಡುಗಿಗೆ ಮುಖಕ್ಕೆ ಆ್ಯಸಿಡ್ ಎರಚುತ್ತೇನೆಂದು ಮೆಸೇಜುಗಳು ಬರುತ್ತಿವೆಯಂತೆ, ಅದೂ ನಮ್ಮ ಮನೆಯ ಕನೆಕ್ಷನ್ನಿನಿಂದ! ಕನೆಕ್ಷನ್ ನನ್ನ ಗಂಡನ ಹೆಸರಿನಲ್ಲಿತ್ತು. ಅವರು ನೌಕಾಪಡೆಯವರು, ಹಡಗಿನಲ್ಲಿ ಹೋಗಿ ವಾರಗಳಾಗಿದ್ದವು. ಪೊಲೀಸ್ ಕೇಸಾದರೆ ಅವರ ನೌಕರಿಯ ಗತಿ ಏನು?

"ಬೇರೆಯವರ ವೈಫೈಯನ್ನು ಕೇಳದೆ ಬಳಸಿದರೆ ಮೂರು ವರ್ಷದವರೆಗೆ ಜೈಲಮ್ಮಾ. ಐದು ಲಕ್ಷದವರೆಗೆ ದಂಡ. ಎರಡೂ ಆಗಬಹುದು. ಬೆದರಿಕೆಯ ಕೇಸು ಅದರ ಮೇಲೆ ಬೇರೆ" ಎಂದರು ತೆಲುಗಿನಲ್ಲಿ, ತೀರಾ ಮೆತ್ತಗೆ. "ನೀವಾಗಿಯೇ ಕೊಟ್ಟಿದ್ದರೆ ಈಗಲೇ ಹೇಳಿಬಿಡಿ. ಆಗ ನಿಮ್ಮನ್ನೂ ವಿಚಾರಿಸಬೇಕಾಗುತ್ತೆ." ಆ ಮೆತ್ತಗಿನ ದನಿಗೇ ನನಗೆ ಹೆಚ್ಚು ಭಯವಾಯಿತು.

ನಾನು ಯಾರಿಗೂ ಕೊಟ್ಟಿಲ್ಲವೆಂದೆ. ವೈಫೈ ಸಿಗುವಷ್ಟು ಹತ್ತಿರದ ಮನೆ ಮೇಲಿನದೊಂದೇ ಎಂದು ಇನ್‌ಸ್ಪೆಕ್ಟರ್ ಅಕ್ಕನನ್ನೂ ಮಗನನ್ನೂ ಕೆಳಗೆ ಕರೆಸಿದರು. ಪಾಸ್‌ವರ್ಡ್ ನಮ್ಮೂರ ಹೆಸರೆಂದು ನಾನು ಹೇಳಿದ್ದೇ ತಡ, ಅಕ್ಕ ಇನ್‌ಸ್ಪೆಕ್ಟರಿಗೆ ತೆಲುಗಿನಲ್ಲಿ ಹೇಳಿದಳು: "ಇವಳ ಊರು ನನ್ನ ಮಗನಿಗೇನು ಗೊತ್ತು ಸಾರ್? ಕೊಟ್ಟಿದ್ದರೆ ಇವಳೇ ಯಾರಿಗಾದರೂ ಕೊಟ್ಟಿರಬೇಕು."

ಎಲಾ ಇವಳ! ನನಗೆ ಮೈ ಉರಿದುಹೋಯಿತು. "ಅಕ್ಕಾ, ಬಾಯಿಗೆ ಬಂದಂಗ ಮಾತಾಡಬ್ಯಾಡ! ನನ್ನ ಗಂಡನ ನೌಕರಿ ಹೋಗತೈತಿ" ಎಂದೆ. ಅಕ್ಕನ ಮುಖ ಸಣ್ಣದಾಯಿತು. ಮಗನ ಕಡೆ ತಿರುಗಿ, "ಏನ್ ಮಾಡೀಯೋ?" ಎಂದಳು.

ಅವನು ಅಚ್ಚ ಗದಗಿನ ಕನ್ನಡದಲ್ಲಿ, ನನ್ನನ್ನೇ ನೋಡುತ್ತ ಹೇಳಿದ: "ಸುಮ್ನಿರವ್ವ. ಫೋನ್ ಸಮುದ್ರಕ್ಕ ಒಗದು ಬಂದೇನಿ. ಈಕೀನೂ ಬಾಯಿ ಬಿಡಂಗಿಲ್ಲ. ಮನ್ಯಾಗ ಒಬ್ಬಾಕೀನ ಇರತಾಳ."

ಇನ್‌ಸ್ಪೆಕ್ಟರ್ ನನ್ನತ್ತ ತಿರುಗಿ ಅವನು ಏನಂದನೆಂದು ಕೇಳಿದರು. ಅಕ್ಕ ನನ್ನ ಕೈ ಹಿಡಿದುಕೊಂಡು, "ಹೇಳಬ್ಯಾಡ ತಂಗಿ, ನಿನ್ನ ಕಾಲಿಗೆ ಬೀಳತೇನಿ" ಎಂದಳು. ಪಾಪ ಅನ್ನಿಸಿತು. ಆದರೂ ಒಂದಕ್ಷರ ಬಿಡದೆ ತೆಲುಗಿನಲ್ಲಿ ಹೇಳಿಬಿಟ್ಟೆ.

ಗಂಡನ ಹೆಸರು ಕೇಸಿನಿಂದ ಹೊರಗುಳಿಯಿತು. ಅವರ ಹಡಗು ಮಾತ್ರ ಇನ್ನೂ ದಡ ಸೇರಿರಲಿಲ್ಲ. ಅಷ್ಟರಲ್ಲೇ ಅಕ್ಕನ ಮಗ ಜಾಮೀನಿನ ಮೇಲೆ ಮನೆಗೆ ಬಂದ. ಮೆಟ್ಟಿಲಲ್ಲಿ ಎದುರಾದವನು ಬದಿಗೆ ಸರಿದು ನನಗೆ ದಾರಿ ಬಿಟ್ಟ.

"ಊಟ ಆತೇನ್ರಿ?" ಎಂದು ನಗುತ್ತ ಕೇಳಿದ. "ಯಜಮಾನರು ಯಾವಾಗ ಬರತಾರ?"