ಸಿದ್ಧಾರೂಢ ಮಾಸ್ತರರ ನಿದ್ರಾಯುದ್ಧ

ರಾಮದುರ್ಗದ ಸಿದ್ಧಾರೂಢ ಮಾಸ್ತರರು ತಮ್ಮ ನಲವತ್ತಮೂರು ವರ್ಷದ ಆಯುಷ್ಯದಲ್ಲಿ ಒಂದು ಸಲವೂ ಊಟವಾದ ಮೇಲೆ ಅಡ್ಡಾದವರಲ್ಲ. ಕೂತರೆ ಮೊಣಕಾಲು ಕುಣಿಯುತ್ತಿತ್ತು, ನಿಂತರೆ ಚಪ್ಪಲಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಹಲಗೆಯಿಂದ ಬಾಗಿಲಿಗೆ, ಬಾಗಿಲಿನಿಂದ ಹಲಗೆಗೆ ಅವರು ನಡೆದ ದಾರಿಯನ್ನು ಉದ್ದಕ್ಕೆ ಹಾಸಿದ್ದರೆ ಸವದತ್ತಿ ದಾಟಿ ಬೈಲಹೊಂಗಲ ಮುಟ್ಟುತ್ತಿತ್ತು. ಶುರುಮಾಡಿ ಬಿಟ್ಟ ಕೆಲಸಗಳೆಲ್ಲ ಅಟ್ಟದ ಮೇಲಿದ್ದವು: ಅರ್ಧ ಸೌರ ಒಲೆ, ಮುಚ್ಚಳವಿಲ್ಲದ ಜೇನುಪೆಟ್ಟಿಗೆ, ಮೂರು ಸ್ವರಕ್ಕೆ ನಿಂತ ಹಾರ್ಮೋನಿಯಂ.

ಇಂಥವರು ೨೦೦೫ರಲ್ಲಿ ಕೈಗೆತ್ತಿಕೊಂಡ ಮಹಾಕಾರ್ಯವೆಂದರೆ ನಿದ್ದೆ. ತಮ್ಮದಲ್ಲ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನದು.

ದೇಶದೇಶದವರು ಕೂಡಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಲಿನಕ್ಸ್ ಎಂಬ ತಂತ್ರಾಂಶ ಅದರಲ್ಲಿತ್ತು. ಬ್ಯಾಟರಿ ಮೊದಲ ಯಜಮಾನನ ಕಾಲಕ್ಕೇ ತೀರಿಕೊಂಡಿತ್ತು. ಹೀಗಾಗಿ ಕರೆಂಟು ಹೋಗುವ ಮೊದಲೇ ಯಂತ್ರ ತನ್ನ ನೆನಪನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಮಲಗಬೇಕು. ಎದ್ದಾಗ ಬಿಟ್ಟ ಸಾಲಿನಿಂದಲೇ ಮುಂದುವರಿಯಬೇಕು. ಮಲಗುತ್ತಿತ್ತು, ಏಳುತ್ತಲೂ ಇತ್ತು. ಆದರೆ ಅದರದೇ ಕೀಲಿಗಳು ಕೆಟ್ಟಿದ್ದರಿಂದ ಹಬ್ ಎಂಬ ಪುಟ್ಟ ಡಬ್ಬಿಯ ಮೂಲಕ ಸಿಕ್ಕಿಸಿದ ಹೊರಗಿನ ಕೀಬೋರ್ಡ್ ಮಾತ್ರ ಸತ್ತಂತೆ ಬಿದ್ದಿರುತ್ತಿತ್ತು. ಲಿನಕ್ಸಿನ ಒಡಲಾದ ಕರ್ನಲ್ಲಿನಲ್ಲಿ ಆ ಭಾಗವನ್ನು ನೋಡಿಕೊಳ್ಳುವ ಹಿರಿಯರಿಗೆ "ನಾನು ಸರಿಮಾಡುತ್ತೇನೆ" ಎಂದು ಬರೆದು ಮಾಸ್ತರರು ಶೂರರಾದರು. ಶನಿವಾರದೊಳಗೆ ಕಳಿಸಿ, ಆಮೇಲೆ ಈ ಆವೃತ್ತಿಗೆ ಸೇರಿಸಿಕೊಳ್ಳುವುದಿಲ್ಲ ಎಂದು ಉತ್ತರ ಬಂತು.

"ಇದೊಂದರ ಮುಗಸ್ತೀರೋ, ಇಲ್ಲಾ ಅಟ್ಟದ ಮ್ಯಾಲ ಜಾಗಾ ಮಾಡ್ಲ್ಯೋ?" ಎಂದಳು ಹೆಂಡತಿ ಗಂಗಾ. ಬಾಣ ನಾಟಿತು. ಇದೂ ಅಟ್ಟ ಹತ್ತಿದರೆ ಅದರ ಕೆಳಗೆ ತಲೆಯೆತ್ತಿ ನಡೆಯುವಂತಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅರವತ್ತನೇ ಸಲ ಮಲಗಿಸಿ ಎಬ್ಬಿಸಿದ್ದಾಯಿತು. ಕೀಬೋರ್ಡ್ ಮಿಸುಕಲಿಲ್ಲ. ಮಾಸ್ತರರು ಪಡಸಾಲೆಯಲ್ಲಿ ಗಿರಗಿರ ತಿರುಗತೊಡಗಿದರು. ಮನೆಮಂದಿ ಉಂಡು ಅಡ್ಡಾಗುವ ಹೊತ್ತು.

"ನೀವು ಮೊದಲ ಮಲಗ್ರಿ, ಅತ್ತಿ" ಎಂದಳು ಗಂಗಾ.

"ನಾ ಮೊದಲ ಮಲಗಿದ್ರ ನೀವು ಮಲಗಿದ್ರೋ ಇಲ್ಲೋ ನೋಡಾವ್ರ್ಯಾರು? ಬಾಗಲಾ ಹಾಕಾವ್ರ್ಯಾರು?" ಎಂದಳು ಮಾಸ್ತರರ ತಾಯಿ ಗುರುಬಸವ್ವ. "ಎಲ್ಲಾರೂ ಮಲಗಿದ ಮ್ಯಾಲ ನಾ. ಏಳೂಮುಂದ ಎಲ್ಲಾರಿಗಿಂತ ಮೊದಲ ನಾ. ಏ ಸಿದ್ದ್ಯಾ, ಹಂಗ ತಿರಗಬ್ಯಾಡೋ, ನನಗ ತಲಿ ಸುತ್ತತೈತಿ!"

ಮಾಸ್ತರರು ನಿಂತರು. ಅವರು ತಿದ್ದುತ್ತಿದ್ದ ಸಾಲುಗಳಲ್ಲಿ ಹಬ್ ಮೊದಲೇ ಮಲಗಿಬಿಡುತ್ತಿತ್ತು. ಮಲಗು ಎಂಬ ಮಾತು ಕೀಬೋರ್ಡಿಗೆ ಹೋಗಬೇಕಾದದ್ದೇ ಹಬ್ಬಿನ ಮೂಲಕ! ಏಳುವಾಗಲೂ ಅಷ್ಟೇ, ಹಬ್ ಕಣ್ಣು ಬಿಡುವ ಮೊದಲೇ ಆ ಸಾಲುಗಳು ಕೀಬೋರ್ಡನ್ನು ಕೂಗುತ್ತಿದ್ದವು.

"ಯವ್ವಾ, ನೀನ ಹಬ್ಬು!"

"ಯಾವ ಹಬ್ಬೋ? ಹೋಳಿಗಿ ಅಂದ್ರ ಮನ್ಯಾಗ ಬ್ಯಾಳಿ ಇಲ್ಲ, ಹೇಳೇನಿ."

ಹನ್ನೊಂದು ಸಾಲು ಹಿಂದುಮುಂದಾದವು. ಮಲಗಿಸಿದರು, ಎಬ್ಬಿಸಿದರು. ಕೀಬೋರ್ಡಿನ ಹಸಿರು ದೀಪ ಮಿಣ್ಣೆಂದಿತು. ಶನಿವಾರ ಇಂಟರ್ನೆಟ್ ಅಂಗಡಿ ತೆರೆಯುವ ಮೊದಲೇ ಅದರ ಮೆಟ್ಟಿಲ ಮೇಲೆ ಮಾಸ್ತರರ ಚಪ್ಪಲಿ ಕುಣಿಯುತ್ತಿತ್ತು.

ಮಂಗಳವಾರ ಉತ್ತರ ಓದಿ ಮನೆಗೆ ಬಂದರು.

"ತಗೊಂಡ್ರೇನ್ರಿ?" ಎಂದಳು ಗಂಗಾ.

"ತಗೊಂಡಾರ. ಹೆಸರೂ ಹಾಕ್ಯಾರ."

"ಅಂದ್ರ ಮುಗೀತು!" ಗಂಗಾ ನಿಜವಾಗಿಯೂ ಹಿಗ್ಗಿದಳು. "ಜನ್ಮದಾಗ ಒಂದು ಮುಗಿಸಿದ್ರಿ ನೋಡ್ರಿ."

ಮಾಸ್ತರರ ಮೊಣಕಾಲು ಮತ್ತೆ ಶುರುವಾಯಿತು. "ಮುಗೀತು. ಆದ್ರ ಇನ್ನ ಮ್ಯಾಲ ಲಿನಕ್ಸಿನಾಗ ಎಲ್ಲಾರ ಹಬ್ಬು ಮಲಗಸೂದು ಎಬ್ಬಸೂದು ನೀವ ನೋಡಕೋರಿ ಅಂತ ಬರದಾರ."

"ಎಷ್ಟ ದಿನಾ?"

"ಅದನ್ನ ಬರದಿಲ್ಲ."

ಗಂಗಾ ಅಟ್ಟದ ಕಡೆ ನೋಡಿದಳು. ಒಳಗಿನಿಂದ ಗುರುಬಸವ್ವ ಕೂಗಿದಳು: "ಕುಂದ್ರಲಾರದಾಂವ ಅಂತ ತಿಳದ ಕೊಟ್ಟಾರ, ತಗೊ!"