ಕರ್ಚೀಫಿನಲ್ಲಿ ಸುತ್ತಿಟ್ಟ ಬಳೆಗಳು

ಬಸ್ಸು ಭದ್ರಾವತಿ ಸೇರುವ ಹೊತ್ತಿಗೆ ಪಕ್ಕದ ಸೀಟಿನ ಹೆಂಗಸು ಕೈಯಲ್ಲಿದ್ದ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ಕರ್ಚೀಫಿನಲ್ಲಿ ಸುತ್ತತೊಡಗಿದರು. ಕುತ್ತಿಗೆಯಲ್ಲಿ ತಾಳಿ, ಹಣೆಯಲ್ಲಿ ಕುಂಕುಮ ಇದ್ದೇ ಇತ್ತು. ಮುತ್ತೈದೆ ಬಳೆ ಕಳಚುವುದುಂಟೇ ಎಂದು ಅವರ ಬರಿಗೈಯನ್ನೇ ನೋಡಿದೆ.

“ಗಾಬರಿ ಆಗ್ಬೇಡ ಮಾರಾಯ್ತಿ. ಮೈಕಿನ ಮುಂದೆ ಬಳೆ ಸದ್ದು ಮಾಡುತ್ತೆ,” ಎಂದರು.

ದುರ್ಗಿಗುಡಿಯ ನಮ್ಮ ಅಡುಗೆಮನೆಯ ರೇಡಿಯೊದಲ್ಲಿ, ಮಧ್ಯಾಹ್ನದ ಹಾಡುಗಳ ನಡುವೆ ದಿನವೂ ಕೇಳುತ್ತಿದ್ದ ಧ್ವನಿ ಅದು. ಕನಸಿನಲ್ಲಿದ್ದವಳಂತೆ ಎಲ್ಲವನ್ನೂ ಹೇಳಿಬಿಟ್ಟೆ. ರೇಡಿಯೊ, ಟೀವಿ ಕುರಿತು ಎಂ.ಎ. ಓದುವ ಆಸೆ. ಸ್ಟುಡಿಯೊ ಇರುವ ಬೆಂಗಳೂರಿನ ಕಾಲೇಜಿನ ಫೀಸು ಅಪ್ಪನ ಕೈಗೆಟುಕದು. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಫೀಸು ಕಡಿಮೆ, ಆದರೆ ಸ್ಟುಡಿಯೊ ಇಲ್ಲ.

“ಹತ್ತಿರದ್ದಕ್ಕೇ ಸೇರ್ಕೊ. ನಮ್ಮ ರೇಡಿಯೊ ಕೇಂದ್ರದಲ್ಲಿ ಆಡಿಶನ್ ಕರೆದಾಗ ಬಾ. ಎಲ್ಲಿ ಓದಿದೆ ಅಂತ ಮೈಕು ಕೇಳಲ್ಲ,” ಎಂದು ಇಳಿದುಹೋದರು.

ಹತ್ತಿರದ ಕೋರ್ಸಿಗೇ ಸೇರಿದೆ. ಆಡಿಶನ್ನಿನಲ್ಲಿ ಆಯ್ಕೆಯಾಗಿ ಮೊದಲ ಸಲ ಆ ಕೇಂದ್ರದ ಮೈಕಿನ ಮುಂದೆ ಕೂತ ದಿನ ನನ್ನ ಬಳೆಗಳನ್ನೂ ಕರ್ಚೀಫಿನಲ್ಲಿ ಸುತ್ತಿಟ್ಟೆ. ಪ್ರಸಾರ ಶುರುವಾಯಿತೆನ್ನುವ ಕೆಂಪು ದೀಪ ಹತ್ತಿತು. ‘ನಮಸ್ಕಾರ’ ಎನ್ನುವ ಮುಂಚಿನ ಆ ಒಂದು ಕ್ಷಣದ ಮೌನದಲ್ಲಿ, ಎಲ್ಲೋ ದೂರದಲ್ಲಿ ಹಸಿರು ಬಳೆಗಳು ಘಲ್ಲೆಂದಂತಾಯಿತು.